ಸಿಟ್ಟಿನ ಕೈ ಔಷಧ

ಚಿತ್ತಾಪುರ
ಜುಲೈ ೭, ೨೦೨೪, ಐತಾರ

ಮಾಣಿಕಮ್ಮಕ್ಕಗ ತಮ್ಮ ದೇವಿಂದ್ರನ ಜೈ ಭೀಮ್.

ಸಪ್ನಾ, ಫೋನ್ ನಿನ್ನ ಅತ್ತಿ ಕೈಯಾಗ ಕೊಡಬ್ಯಾಡವ್ವ, ಅಕಿ ನಡುವೇ ಬಂದ್ ಮಾಡ್ತಾಳ. ನೀನೇ ಹಿಡ್ಕೊಂಡು ಕಿವಿ ಹಂತ್ಯಾಕ ಇಡು. ಫೋನಿನಾಗ ಬಾಯಿಲೆ ಹೇಳಿ ಕಳಸೋ ಮಾತಿಗಿ ಊರು, ತಾರೀಕು ಯಾಕ ಅಂತ ನಗಬ್ಯಾಡ. ನಾ ಸಣ್ಣಂವ ಇದ್ದಾಗ ನಿನ್ನ ಅತ್ತಿನೇ ಕಲಿಸ್ಯಾಳ. "ಕಾಗದ ಅಂದ್ರ ಮೊದಲ ಊರು, ಆಮ್ಯಾಲ ತಾರೀಕು, ಆಮ್ಯಾಲ ದೊಡ್ಡವರಿಗಿ ನಮಸ್ಕಾರ, ಆಮ್ಯಾಲ ಬೈಯೋದಿದ್ರ ಬೈ" ಅಂತ. ಅದೇ ಪ್ರಕಾರ ನಡದೀನಿ ನೋಡು. ಊರು ಆಯ್ತು, ತಾರೀಕು ಆಯ್ತು, ನಮಸ್ಕಾರ ಆಯ್ತು.

ಅಕ್ಕ, ಮಾತಾಡ್ಲಿಕ್ಕ ತಡ ಆಯ್ತು, ಒಪ್ತೀನಿ. ಕಾಲೇಜಿನವ್ರು ಪರೀಕ್ಷಾ ಪೇಪರ್ ತಿದ್ದಲಿಕ್ಕ ಕಲಬುರ್ಗಿಗಿ ಹಾಕಿದ್ರು. ಅದಕ್ಕ ನೀ "ದೊಡ್ಡ ಸಾಹೇಬಗ ಅಕ್ಕನ ನೆನಪ ಎಲ್ಲಿಂದ ಬರಬೇಕು" ಅಂತ ಹೇಳಿ ಕಳಿಸಿದಿ. ಬಂದಿತ್ತವ್ವ ನೆನಪ. ಬುಧವಾರ ಪೇಪರ್ ಬಿಟ್ಟು ದವಾಖಾನಿಗಿ ಹೋಗಿದ್ದೆ. ಅವತ್ತು ನಿಂದು ಮೂರನೇ ಕೀಮೋ ಅಲ್ಲೇನು? ಬಾಯಿ ಕಹಿ ಆಗ್ತದ ಅಂತಿದ್ದಿ, ಅದಕ್ಕ ಮೋಸಂಬಿ ತಗೊಂಡಿದ್ದೆ. ನಿನ್ನ ಹಾಸಿಗಿ ಮ್ಯಾಲ ಯಾರೋ ಬ್ಯಾರೆ ಹೆಣ್ಮಗಳು ಮಲಗ್ಯಾಳ. ಸಿಸ್ಟರಗ ಕೇಳಿದೆ. "ಮಾಣಿಕಮ್ಮಾ? ಚಿಮ್ಮನಚೋಡದವ್ರಾ? ಬಂದೇ ಇಲ್ರಿ ಸರ. ಫೋನ್ ಹಚ್ಚಿದ್ರ 'ನಮಗ ಬ್ಯಾರೆ ಔಷಧ ಸಿಕ್ಕದ' ಅಂತಾರ್ರಿ" ಅಂದಳು.

ಬ್ಯಾರೆ ಔಷಧ. ಹೊರಗ ಬಂದು ನಿನಗ ಫೋನ್ ಮಾಡಿದ್ರ ನೀ ಏನಂದಿ, ನೆನಪದಿಲ್ಲೋ? "ನಿನ್ನ ಔಷಧ ಸಲುವಾಗೇ ಹೊಟ್ಟಿ ಖಾಲಿ ಇಟ್ಟೀನಿ ತಮ್ಮಾ. ಒಂದು ಹೊಟ್ಟಿಯೊಳಗ ಎರಡು ಔಷಧ ಬಿದ್ರ ಜಗಳ ಆಡ್ತಾವ."

ನನ್ನ ಔಷಧ! ನನ್ನ ಕಡಿ ಎಲ್ಲಿ ಔಷಧ ಅದ ಅಕ್ಕ?

ಆ ಸಂಗಮೇಶ್ವರನ ವಿಡಿಯೋ ನೋಡೀ. ಸೇಡಂ ಕಾಲೇಜಿನಾಗ ನನ್ನ ಕೈಕೆಳಗೇ ಕಲ್ತಂವ, ಈಗ ಮೊಬೈಲಿನಾಗ ಸುದ್ದಿ ಚಾನಲ್ ನಡಸ್ತಾನ. "ನಮ್ಮ ಸೇಡಂ ಸರ್ ಕೈಯಾಗ ಕ್ಯಾನ್ಸರ್ ಔಷಧ" ಅಂತ ಹಾಕ್ಯಾನ, ಹಿಂದ ಡೊಳ್ಳು ಬ್ಯಾರೆ ಬಾರ್ಸ್ಯಾನ. ಅದು ನಿನ್ನ ಫೋನಿಗಿ ಬಂತು, ನೀ ದವಾಖಾನಿ ಬಿಟ್ಟಿ. ಒಂದು ಮಾತು ನನಗ ಕೇಳಲಿಲ್ಲ.

ಈಗ ಕೇಳು. ನಾ ಮಾಡೋದು ಇಷ್ಟೇ. ಕೊಂಚಾವರಂ ಅಡವಿಗಿ ಹೋಗ್ತೀನಿ, ಗಿಡದ ಎಲಿ, ತೊಗಟಿ ತರ್ತೀನಿ. ತೊಳದು, ಕೊಯ್ದು, ಗಾಜಿನ ತಾಟಿನಾಗ ಇಡ್ತೀನಿ. ಎಲಿ ಹೊಟ್ಟಿಯೊಳಗ ಒಂದು ಬೂಸರು ಅಡಗಿ ಕುಂತಿರ್ತದ, ಹಳೀ ರೊಟ್ಟಿಗಿ ಬರ್ತದಲ್ಲ, ಅಂಥಾದ್ದು. ಅದು ಹೊರಗ ಬಂದು ಬೆಳೀತದ. ತನ್ನ ಹಂತ್ಯಾಕ ಬ್ಯಾರೆ ಯಾರೂ ಬರಬಾರ್ದಂತ ಅದು ಒಂದು ವಿಷ ಮಾಡ್ತದ. ಆ ವಿಷದಾಗ ಯಾವುದರ ಒಂದು ಕ್ಯಾನ್ಸರಿಗಿ ಬಡೀತದೇನು ಅಂತ ಹುಡುಕೋದು ನನ್ನ ಕೆಲಸ. ರಸ ತಗದು ಹೈದರಾಬಾದಿಗಿ ಕಳಸ್ತೀನಿ. ಅವ್ರು ತಮ್ಮ ತಾಟಿನಾಗ ಕ್ಯಾನ್ಸರಿನ ಕಣ ಸಾಕಿರ್ತಾರ, ಅದರ ಮ್ಯಾಲ ಹಾಕ್ತಾರ. ಈ ಸಲ ಒಂದು ಬೂಸರಿನ ರಸ ಹಾಕಿದಾಗ ಕಣ ಸತ್ತಾವ. ಖರೇ. ನನಗೂ ಖುಷಿ ಆಯ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ತಾಟಿನಾಗ ಉಪ್ಪು ಸುರದ್ರೂ ಸಾಯ್ತಾವ ಅಕ್ಕ, ಕುದಿಯೋ ನೀರು ಹಾಕಿದ್ರೂ ಸಾಯ್ತಾವ. ಅಲ್ಲಿಂದ ಮನಶಾನ ಮೈತನಕ ಬರಬೇಕಂದ್ರ ಇಲಿಗಿ ಕೊಡಬೇಕು, ನೋಡಬೇಕು, ಮತ್ತ ಕೊಡಬೇಕು. ಎಷ್ಟೋ ಮಂದಿ ಜಲ್ಮ ಹೋಗ್ತದ. ಬಹಳಷ್ಟು ನಡು ದಾರಿಯಾಗೇ ಸಾಯ್ತಾವ.

ನನ್ನ ಕಡಿ ಔಷಧ ಇಲ್ಲ. ತಿಳೀತಾ? ಇಲ್ಲ. ಸೋಮವಾರ ಬಸ್ ಹತ್ತಿ ಕಲಬುರ್ಗಿಗಿ ಹೋಗು. ಡಾಕ್ಟರ್ ನನಗ ಬಾಯಿ ಬಿಟ್ಟು ಹೇಳ್ಯಾರ, ಎದಿಯೊಳಗಿನ ಗಡ್ಡಿ ಎರಡು ಕೀಮೋಕ್ಕ ಸಣ್ಣ ಆಗಿತ್ತು, ಈಗ ಬಿಟ್ರ ಸಿಟ್ಟಿಗೆದ್ದು ಬೆಳೀತದ, ಆಮ್ಯಾಲ ಆಪರೇಷನ್ ಮಾಡ್ಲಿಕ್ಕೂ ಬರಂಗಿಲ್ಲ ಅಂತ.

ಮಾವಗ ನಮಸ್ಕಾರ ಹೇಳು. ಸೊಸಿ ಸಪ್ನಾಗ, ಮಕ್ಕಳಿಗಿ ಆಶೀರ್ವಾದ.

ಹಲ್ಲು ಕಡೀಲಿಕತ್ತಿರೋ ನಿನ್ನ ತಮ್ಮ,
ದೇವಿಂದ್ರ

ತಡಿ ತಡಿ, ಒಂದು ಮರ್ತೆ. ಆ ಮೋಸಂಬಿ ನಿನ್ನ ಹಾಸಿಗಿ ಮ್ಯಾಲಿದ್ದ ಹೆಣ್ಮಗಳಿಗಿ ಕೊಟ್ಟು ಬಂದೆ. ಅಕಿ ತಿನ್ನಲಿ. ಅಕಿ ಬರೋಬರ್ ದಿನಕ್ಕ ಬಂದಿದ್ದಳು.


ಚಿತ್ತಾಪುರ
ಜುಲೈ ೨೧, ಐತಾರ

ಹಟಮಾರಿ ಅಕ್ಕಗ ಜೈ ಭೀಮ್.

ಸೋಮವಾರ ನೀ ಹೋಗಲಿಲ್ಲ. ನಾ ಅಷ್ಟು ಹೇಳಿದ್ದಕ್ಕ ನಿನ್ನ ಜವಾಬು ಬಂತು. ಸಪ್ನಾ ಕಳಿಸಿದ್ಲು. ಮೊದಲ ನಿನ್ನ ನಗು, ಆಮ್ಯಾಲ ಕೆಮ್ಮು, ಆಮ್ಯಾಲ ಎರಡೇ ಶಬ್ದ. "ಒಂದು ಆಯ್ತು."

ಏನು ಒಂದು ಆಯ್ತು? ನಾ ಹುಚ್ಚನಂಗ ದಿನಾ ಅದನ್ನೇ ಹಚ್ಚಿ ಕೇಳಿದೆ. ಕಡೀಗಿ ಚಿಮ್ಮನಚೋಡಕ್ಕ ಬಂದು ನಿನ್ನ ತಾಟು ನೋಡಿದ ಮ್ಯಾಲ ಗೊತ್ತಾಯ್ತು. ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಬ್ಯಾಳಿ. ಹುಳಿ ಬಂದ್, ಬದನಿಕಾಯಿ ಬಂದ್. ಅಪ್ಪ ದಂಡೋತಿಯಾಗ ಕಣ್ಣು ಹಳದಿ ಆಗೋ ಕಾಮಣಿಗಿ ಬೇರು ಕೊಡೋ ಮುಂದ ಮಂದಿಗಿ ಹೇಳ್ತಿದ್ದನಲ್ಲ, ಅದೇ ಪಥ್ಯ! ಇಲ್ಲದ ಔಷಧಕ್ಕ ಮುಂಗಡ ಪಥ್ಯ ಹಿಡದು ಕುಂತೀ. ಮೊದಲೇ ಕೀಮೋ ಉಂಡ ಮೈ, ಅದರಾಗ ಉಪ್ಪೂ ಬಿಟ್ಟೀ, ಕೈಯಾಗಿನ ಬಳಿ ಮೊಣಕೈತನಕ ಜಾರಾಕತ್ತಾವ.

"ಇದೇನು ಹುಚ್ಚಾಟ ಅಕ್ಕ?" ಅಂದೆ. ನೀ ನನಗ ತಿರುಗಿ ಕೇಳಿದಿ, "ಅಪ್ಪ ಬೇರು ಕೊಡೋಮುಂದ ಮಂದಿಗಿ ಏನಂತಿದ್ದ, ಹೇಳು."

ಅಪ್ಪ ಇಲ್ಲ ಅಂತಿದ್ದ. ದೂರದೂರಲಿಂದ ಗಾಡಿ ಕಟ್ಕೊಂಡು ಬಂದವ್ರಿಗೂ "ನನ್ನ ಕಡಿ ಏನೂ ಇಲ್ಲ, ದವಾಖಾನಿಗಿ ಹೋಗ್ರಿ" ಅಂತಿದ್ದ. ಮತ್ತ ಕೇಳಿದ್ರ ಮತ್ತ ಇಲ್ಲ ಅಂತಿದ್ದ. ಮೂರನೇ ಸಲ ಇಲ್ಲ ಅಂದು, ಎದ್ದು, ಕಾಗಿಣಾ ಹೊಳಿ ದಂಡಿಗಿ ಹೋಗಿ ಬೇರು ಅಗದು ತರ್ತಿದ್ದ. ಅದು ಅಂವನ ಗುರು ಹಾಕಿದ ಕಟ್ಟು. ಔಷಧ ಅದ ಅಂತ ಹೇಳಿಕೊಂಡ್ರ ಕೈಗುಣ ಹೋಗ್ತದ, ಮೂರು ಸಲ ಇಲ್ಲ ಅನಬೇಕು.

ಅಂದ್ರ ನಾ ಇಲ್ಲ ಅಂದಷ್ಟೂ ನಿನಗ ಹೌದು ಅಂತ ಕೇಳಸ್ತದ! "ನಾ ಅಪ್ಪ ಅಲ್ಲ ಅಕ್ಕ, ಇಲ್ಲ ಅಂದ್ರ ಇಲ್ಲೇ ಇಲ್ಲ" ಅಂತ ಒದರಿದೆ. ಒದರಿದ್ದೇ ತಪ್ಪಾಯ್ತು. ಬಾಜೂ ಮನಿ ಮಾಳಮ್ಮ ಬಾಗಲಾಗ ನಿಂತು, "ನೋಡವ್ವಾ, ಎರಡಾಯ್ತು. ಕೊಡೋ ಮನಶಾ ಹಿಂಗೇ ಮಾತಾಡ್ತಾನ. ಅಪ್ಪನ ಧ್ವನೀನೇ ಬಂದದ" ಅಂದಳು. ನಿನ್ನ ಗಂಡ, ನಮ್ಮ ರಾಮಲಿಂಗ ಮಾವ, ಜಲ್ಮದಾಗ ಎರಡು ಮಾತಾಡದಂವ, ಅಂವನೂ ಹೊರಗ ಬಂದು "ಕೊಟ್ಟು ಬಿಡೋ ಮಾರಾಯಾ, ಎಷ್ಟು ಆಡಸ್ತಿ" ಅಂದ. ನಿಮ್ಮ ಓಣಿ ಓಣಿನೇ ಹುಚ್ಚ ಹಿಡದು ಕುಂತದ!

ಅಲ್ಲಿಂದ ನೇರ ಸೇಡಂಕ್ಕ ಹೋಗಿ ಸಂಗಮೇಶ್ವರನ ಕೊಳ್ಳಪಟ್ಟಿ ಹಿಡದೆ. ನಿನಗ ಹೇಳ್ತೀನಿ, ಮಾಸ್ತರಕಿ ಹಿಡದ ಮ್ಯಾಲ ಯಾರ ಮೈಮ್ಯಾಲೂ ಕೈ ಹಾಕಿದಂವ ಅಲ್ಲ ನಾ.

"ಸರ, ಕಣ ಸತ್ತಾವ ಅಂತ ನೀವೇ ಹೇಳಿದ್ರಿ."

"ತಾಟಿನಾಗ ಸತ್ತಾವ ಅಂದಿದ್ದೆ ಲೇ!"

"ತಾಟಿನ ಮಾತು ಕಟ್ ಮಾಡೀನ್ರಿ. ವಿಡಿಯೋ ಭಾಳ ಉದ್ದ ಆಗ್ತಿತ್ತು."

ಕಟ್ ಮಾಡ್ಯಾನಂತ! ಬೈದು ಬೈದು ತಗಿಸಿದೆ. ತಗದು ಏನು ಮಾಡೋದು, ಶಹಾಬಾದ, ವಾಡಿ, ಎಲ್ಲಾ ಕಡಿ ಫೋನ್ಲಿಂದ ಫೋನಿಗಿ ಓಡ್ಯಾಡಾಕತ್ತದ. ಮಂದಿ ನನ್ನ ಮನಿ ಹುಡುಕ್ಕೊಂಡು ಬರ್ತಾರ. ಮೊನ್ನೆ ವಾಡಿಲಿಂದ ರಶೀದಾಬೇಗಂ ಅಂತ ಒಬ್ಬಾಕಿ ಮಗನ ಕರ್ಕೊಂಡು ಬಂದಿದ್ದಳು. ಮಗಗ ರಕ್ತದ ಕ್ಯಾನ್ಸರ್. "ಸರ, ಒಂದು ಚಿಟಿಕಿ ಕೊಡ್ರಿ, ಹುಡುಗಗ ನಾನೇ ನೆಕ್ಕಸ್ತೀನಿ" ಅಂತ ಸೆರಗು ಹಿಡದಳು. ಇಲ್ರಿ ಅವ್ವಾ, ಅದು ಔಷಧ ಅಲ್ಲ, ದವಾಖಾನಿ ಬಿಡಬ್ಯಾಡ್ರಿ ಅಂದೆ. ನನ್ನ ಮುಖಾ ನೋಡಿದಳು. "ಅಚ್ಛಾ" ಅಂದಳು. ಚಹಾನೂ ಕುಡೀಲಿಲ್ಲ, ಮಗನ ಕೈ ಹಿಡದು ನಡದಳು. ಗುರ್ತಿಲ್ಲದಾಕಿ, ಒಂದೇ ಸಲ ಇಲ್ಲ ಅಂದದ್ದಕ್ಕ ನಂಬಿದಳು. ನೀ ನನ್ನ ಸೊಂಟದ ಮ್ಯಾಲ ಹೊತ್ತು ತಿರುಗಿದಾಕಿ. ನೀ ನಂಬಂಗಿಲ್ಲ.

ಇನ್ನೊಂದು ಕೇಳು. ನಿನಗ ಸಲೈನಿನಾಗ ಕೆಂಪನ ನೀರು ಹಾಕ್ತಿದ್ರಲ್ಲ, ನೋಡಿದ್ರೇ ವಾಂತಿ ಬರ್ತದ ಅಂತಿದ್ದಿ? ಅದೂ ಮೊದಲ ಮಣ್ಣಿನಾಗಿನ ಒಂದು ಜೀವಿ ಮಾಡಿದ ವಿಷಾನೇ. ನನ್ನ ಬೂಸರಿನ ದೂರದ ಬೀಗ ಅಂತ ತಿಳ್ಕೊ. ಯಾರೋ ಪುಣ್ಯಾತ್ಮರು ಹುಡುಕಿ, ಅಳದು, ವರ್ಷಾನಗಟ್ಟಲೆ ನೋಡಿ, ಔಷಧ ಅಂತ ಹೆಸರು ಕೊಟ್ಟಾರ. ನಿನಗ ಬೂಸರೇ ಬೇಕಂದ್ರ ಅದನ್ನೇ ತಗೋ! ಇದನ್ನ ಫೋನಿನಾಗ ಹೇಳಿದ್ರ ನೀ ಏನಂದಿ? "ಅವರ ಮಣ್ಣು ಬ್ಯಾರೆ ತಮ್ಮಾ, ನಮ್ಮ ಮಣ್ಣು ಬ್ಯಾರೆ. ನಿಂದು ನಮ್ಮ ಮಣ್ಣಿಂದು."

ಗ್ವಾಡಿಗಿ ತಲಿ ಬಡ್ಕೋಬೇಕು ಅನಸ್ತದ. ನನ್ನ ತಲೀ ಅಲ್ಲ, ನಿಂದು.

ಮಾವಗ ಏನೂ ಹೇಳಬ್ಯಾಡ. ಸಪ್ನಾ, ಅತ್ತಿ ರೊಟ್ಟಿಯಾಗ ಕದ್ದು ಉಪ್ಪು ಹಾಕವ್ವ.

ನಿನ್ನ ತಮ್ಮ, ಬ್ಯಾರೆ ಯಾರೂ ಅಲ್ಲ,
ದೇವಿಂದ್ರ

ಮತ್ತೊಂದು. ಮಾಳಮ್ಮ ಅಲ್ಲೇ ಕುಂತು ಕೇಳಾಕತ್ತಿದ್ರ ಅಕಿಗೂ ಹೇಳ್ರಿ. ನಮ್ಮ ಅಪ್ಪ ಕಾಮಣಿಗಷ್ಟೇ ಕೊಡ್ತಿದ್ದ. ಗಡ್ಡಿ ಇದ್ದವ್ರು ಬಂದ್ರ ಖರೇನೇ ಇಲ್ಲ ಅಂತಿದ್ದ, ಮತ್ತ ಏಳ್ತಿರಲಿಲ್ಲ.


ಸೇಡಂ
ಆಗಸ್ಟ್ ೪, ಐತಾರ

ಅಕ್ಕ,

ಇವತ್ತ ನಮಸ್ಕಾರ ಇಲ್ಲ. ರಜಾ ಇದ್ರೂ ಲ್ಯಾಬಿನಾಗ ಒಬ್ಬನೇ ಕುಂತೀನಿ. ನಿನ್ನೆ ನೀ ಇಲ್ಲಿಂದ ಹ್ವಾದ ಮ್ಯಾಲ ಊಟ ಸೇರಿಲ್ಲ. ಸಿಟ್ಟಿಲೆ.

ನಾನೇ ಕರಸಿದ್ದೆ, ಖರೇ. ಕಣ್ಣಿಲೆ ನೋಡಿದ್ರರ ಬುದ್ಧಿ ಬರ್ತದ ಅಂತ. ಹೈದರಾಬಾದಿಂದ ಕಡೀ ರಿಪೋರ್ಟ್ ಬಂದಿತ್ತು. ನಿನ್ನ ಮುಂದೇ ಓದಿ ಹೇಳಿದೆ. ಆ ಬೂಸರಿನ ವಿಷ ಹೊಸಾದಲ್ಲ, ಮೊದಲೇ ಬ್ಯಾರೆ ದೇಶದಾಗ ಸಿಕ್ಕು, ಕೆಲಸಕ್ಕ ಬರಂಗಿಲ್ಲ ಅಂತ ಬಿಟ್ಟದ್ದು. ಅದು ಕ್ಯಾನ್ಸರಿನ ಕಣಾನೂ ಕೊಲ್ತದ, ಛಲೋ ಕಣಾನೂ ಕೊಲ್ತದ. ಕೊಲ್ಲೋದಷ್ಟೇ ಬರ್ತದ ಅದಕ್ಕ, ಯಾರನ್ನ ಬಿಡಬೇಕು ಅಂಬೋದು ತಿಳಿಯಂಗಿಲ್ಲ. ಎಷ್ಟು ವರ್ಷ ಅಡವಿ ತಿರುಗಿ ಹುಡುಕಿದ್ದು, ಒಂದು ಹಾಳಿ ಮ್ಯಾಲ ಮುಗೀತು. ಆ ದುಃಖ ಮಾಡ್ಲಿಕ್ಕೂ ನೀ ನನಗ ಪುರುಸೊತ್ತು ಕೊಟ್ಟಿಲ್ಲ.

ಯಾಕಂದ್ರ ನೀ ಚಪ್ಪಲಿ ಬಾಗಲಾಗ ಬಿಟ್ಟು ಒಳಗ ಬಂದಿ. ಬೂಸರು ಬೆಳಸೋ ಕಪಾಟಿನ ಮುಂದ ಕೈ ಮುಗದು ನಿಂತಿ! ನಮ್ಮ ಲ್ಯಾಬಿನ ಲುಂಬಿನಿ ಮೇಡಂ ನಗಬೇಕೋ ಅಳಬೇಕೋ ಅಂತ ನನ್ನ ಮುಖಾ ನೋಡಿದ್ರು. ತಾಟು ತಗದು ತೋರ್ಸಿದೆ. ಬೂದಿ ಬಣ್ಣ, ನಡುವ ಹಸರ. ನೀ ಬಗ್ಗಿ ನೋಡಿ, "ಎಷ್ಟು ಛಂದ ಅದ, ಕೂಸಿನ ನೆತ್ತಿ ಇದ್ದಂಗ" ಅಂದಿ.

"ಇದು ವಿಷ ಅಕ್ಕ."

"ಅಪ್ಪನ ಬೇರೂ ವಿಷಾನೇ ಇತ್ತು. ಆಕಳಿಗಿ ಹಾಕಿದ್ರ ಆಕಳು ಸಾಯ್ತಿತ್ತು. ಅಳತಿ ಗೊತ್ತಿರಬೇಕು. ನಿನಗ ಅಳತಿ ಗೊತ್ತದ."

"ಗೊತ್ತಿಲ್ಲ."

"ಹೈದರಾಬಾದದವ್ರಿಗಿ ಕಳಸ್ಲಿಕ್ಕ ಗೊತ್ತದ, ಅಕ್ಕಗ ಕೊಡ್ಲಿಕ್ಕ ಗೊತ್ತಿಲ್ಲ? ದೊಡ್ಡ ಮಂದಿಗಿ ಒಂದು, ನಮಗೊಂದು?"

ಈ ಮಾತು ನನಗ ಚೂರಿ ಹಾಕಿದಂಗ ಹತ್ತು. ನಾ ಚೀರಿದೆ, "ನನ್ನ ಕಡಿ ಔಷಧ ಇಲ್ಲ!" ಅಂತ. ಇಡೀ ಕಾಲೇಜಿಗಿ ಕೇಳ್ಸಿರಬೇಕು. ನೀ ಏನು ಮಾಡಿದಿ? ಸಮಾಧಾನದಿಂದ ಸೆರಗು ಒಡ್ಡಿದಿ. "ಮೂರಾಯ್ತು. ಈಗ ಹಾಕು" ಅಂದಿ.

ಆ ಸೆರಗು ನನ್ನ ಕಣ್ಣ ಮುಂದಿಂದ ಹೋಗವಲ್ದು. ಎಷ್ಟು ಹೊತ್ತು ಹಿಡಕೊಂಡು ನಿಂತಿದ್ದಿ! ನಾ ತಾಟು ಕಪಾಟಿನಾಗ ಇಟ್ಟು ಕೀಲಿ ಹಾಕಿದೆ. ನೀ ಸೆರಗು ಸರಿ ಮಾಡ್ಕೊಂಡು, "ಇರ್ಲಿ, ಅಮಾಸಿ ಮುಂದ ಕೊಡೋದಿಲ್ಲ, ಹುಣ್ಣಿವಿಗಿ ಕೊಡ್ತಾನ" ಅಂತ ಸಪ್ನಾಗ ಹೇಳ್ಕೋತ ಮೆಟ್ಟಲ ಇಳದಿ. ಗಡ್ಡಿ ಈಗ ಬಗಲಿಗಿ ಬಂದದಂತ ಸಪ್ನಾ ಅಳ್ಕೋತ ಹೇಳಿದ್ಲು. ಕೈ ಮ್ಯಾಲೆತ್ತಿ ಜಡಿ ಹಾಕ್ಕೊಳ್ಳಲಿಕ್ಕ ಬರವಲ್ದಂತ. ಕೀಮೋಕ್ಕ ಕೂದಲೆಲ್ಲಾ ಉದರ್ಯಾವ, ಜಡಿ ಎಲ್ಲದ ಈಗ ನಿನಗ.

ಬಸ್ ಸ್ಟ್ಯಾಂಡಿನಾಗ ಸಪ್ನಾ ಕೇಳ್ಯಾಳ, "ಮಾಮಾ ಇಷ್ಟು ಒದರ್ತಾರಲ್ಲ ಅತ್ತಿ, ಖರೇನೇ ಇರಲಿಕ್ಕಿಲ್ಲ" ಅಂತ. ಅದಕ್ಕ ನೀ ಹೇಳಿದ್ದು ಅಕಿ ನನಗ ಹೇಳಿದ್ಲು. "ಅಂವ ಒದರ್ತಾನ, ಆದ್ರ ಅಂವನ ಹೊಟ್ಟಿಯಾಗ ನನ್ನ ಮ್ಯಾಲ ಸಿಟ್ಟಿಲ್ಲ. ಸಿಟ್ಟಿನ ಕೈ ಔಷಧ ಅಷ್ಟೇ ಮೈಗಿ ಹತ್ತಂಗಿಲ್ಲ. ನಮ್ಮ ಅಪ್ಪ ದಾಯಾದಿ ಕೂಡ ಹೊಲದ ದಂಡಿಗಿ ಜಗಳ ಮಾಡಿದ ಮ್ಯಾಲ, ಅಂವಗ ಕಾಮಣಿ ಆದಾಗ ಎಷ್ಟು ಕಾಲು ಹಿಡದ್ರೂ ಬೇರು ಕೊಡಲಿಲ್ಲ. ವೈರದ ಕೈಲಿಂದ ತಗೊಂಡ್ರ ಅಮೃತಾನೂ ವಿಷ, ದವಾಖಾನಿಗಿ ಹೋಗು ಅಂತ ಕಳಿಸಿದ. ಅಂವ ಅಲ್ಲೇ ಹೋಗಿ ಆರಾಮ ಆದ."

ಹೌದಾ? ಹೊಟ್ಟಿಯಾಗ ಸಿಟ್ಟಿಲ್ಲ ಅಂತ ಯಾರು ಹೇಳಿದ್ರು ನಿನಗ?

ಇನ್ನ ಮಾತಾಡಂಗಿಲ್ಲ. ಮಾತಾಡಿದಷ್ಟೂ ನೀ ಗೆಲ್ತಿ. ಪಂಚಮಿಗಿ ಬರ್ತೀನಿ.

ದೇವಿಂದ್ರ


ಚಿತ್ತಾಪುರ
ನವೆಂಬರ್ ೧೭, ಐತಾರ

ತಾಯಿಯಂಥಾ ಅಕ್ಕ ಮಾಣಿಕಮ್ಮಗ, ಕಾಲು ಮುಟ್ಟಿ ಜೈ ಭೀಮ್.

ಸಪ್ನಾ, ಮೊದಲ ನೀ ಒಬ್ಬಾಕಿನೇ ಕೇಳು. ಆಪರೇಷನ್ ಛಲೋ ಆಗ್ಯದ, ಹೊಲಿಗಿ ಟಾಕಿ ಬಿಚ್ಯಾರ, ಮನಿಗಿ ಕಳಸ್ಯಾರ ಅಂತ ನೀ ಹೇಳಿದ ಮ್ಯಾಲೇ ಇದನ್ನ ಮಾತಾಡಾಕತ್ತೀನಿ. ಅದಕ್ಕೂ ಮೊದಲ ಒಂದು ಶಬ್ದ ನನ್ನ ಬಾಯಿಲಿಂದ ಅಕಿಗಿ ಮುಟ್ಟಬಾರದಿತ್ತು. ಈಗ ಹಚ್ಚು. ಫೋನ್ ಒಗದ್ರ ಆರಿಸಿ ಮತ್ತ ಹಚ್ಚು.

ಅಕ್ಕ, ತಡ ಆಯ್ತು. ಈ ಸಲ ತಡ ಬೇಕಂತೇ ಮಾಡೀನಿ.

ಪಂಚಮಿ ದಿನ ನಾ ನಿಮ್ಮ ಓಣಿಗಿ ಬಂದಾಗ ನೀ ಬಾಗಲಾಗೇ ನಿಂತಿದ್ದಿ. ತಮ್ಮ ತವರಿಗಿ ಕರೀಲಿಕ್ಕ ಬಂದಾನ, ಔಷಧಾನೂ ತಂದಾನ ಅಂತ ಮುಖಾ ಅರಳಿತ್ತು. ಹೊಸಾ ಸೀರಿ ಉಟ್ಟಿದ್ದಿ, ತಲಿಗಿ ಸೆರಗು ಬಿಗಿಯಾಗಿ ಸುತ್ತಿದ್ದಿ. ಮಾಳಮ್ಮ, ಆಕಡಿ ಈಕಡಿ ಮನಿಯವ್ರು, ಎಲ್ಲಾ ಹೊರಗಿದ್ರು. ನೀ ತಂಬಿಗಿ ತುಂಬ ನೀರು ತಂದು ಕೊಟ್ಟಿ. "ಕುಡಿ ತಮ್ಮಾ, ಬಿಸಲಾಗ ಬಂದೀ" ಅಂದಿ.

ನಾ ತಂಬಿಗಿ ಇಸ್ಕೊಂಡು ಅಷ್ಟೂ ನೀರು ಅಂಗಳದಾಗ ಚೆಲ್ಲಿ ತಂಬಿಗಿ ಒಗದೆ. "ಈ ಮನಿ ನೀರು ನನಗ ಇಳಿಯಂಗಿಲ್ಲ" ಅಂದೆ. ಓಣಿಗೆಲ್ಲಾ ಕೇಳಂಗ ಅಂದೆ. "ನಾ ಈಗ ಬ್ಯಾರೆ ಮಂದಿ ನಡುವ ಇರಾಂವ. ನಿಮ್ಮಂಥವ್ರು ನನ್ನ ಕಾಲೇಜಿಗಿ ಬಂದು ನನ್ನ ಮಾನ ತಗದ್ರಿ. ಇನ್ನ ಮ್ಯಾಲ ನನ್ನ ಅಕ್ಕ ಅಂತ ಎಲ್ಲೂ ಹೇಳ್ಕೋಬ್ಯಾಡ." ಇನ್ನೂ ಏನೇನೋ ಅಂದೆ. ಎಲ್ಲಾ ನೆನಪದ ನನಗ, ಮತ್ತ ಹೇಳ್ಲಿಕ್ಕ ನಾಲಿಗಿ ಏಳವಲ್ದು.

ನೀರು, ಅಕ್ಕ. ಬ್ಯಾರೆ ಏನರ ಬೈಬಹುದಿತ್ತು. ದಾರಿ ತುಂಬ ಯೋಚನಿ ಮಾಡ್ಕೋತ ಬಂದಿದ್ದೆ. ಮಾವಗ ಬೈಲೇನು, ನಿನ್ನ ಮಕ್ಕಳಿಗಿ ಬೈಲೇನು. ಅದಕ್ಕೆಲ್ಲಾ ನೀ ನಗ್ತಿದ್ದಿ, ನಾಲ್ಕನೇ ಸಲ ಇಲ್ಲ ಅಂದಂಗ ತಿಳ್ಕೊತಿದ್ದಿ. ನಗಲಾರದ್ದು ಒಂದೇ ಇತ್ತು. ಅಪ್ಪನ ಬೇರು ನುಂಗಿ, ನಮ್ಮ ಮನಿ ನೀರು ಬ್ಯಾಡಂತ ತಮ್ಮ ತಂಬಿಗಿ ಬಿಚ್ಚಿ ಕುಡೀತಿದ್ದ ಮ್ಯಾಲಿನ ಕೇರಿ ಮಂದೀನ ನಾವಿಬ್ಬರೂ ಕಟ್ಟಿ ಮ್ಯಾಲ ಕುಂತು ನೋಡೀವಿ. ಅವ್ರು ಹ್ವಾದ ಮ್ಯಾಲ ನೀ ಉಗುಳ್ತಿದ್ದಿ. ನಾ ಅವರಾಗ ಒಬ್ಬಂವ ಆಗಬೇಕಾಗಿತ್ತು, ಎಲ್ಲರ ಮುಂದ, ತಿರುಗಿ ಬರಲಾರದಂಗ.

ಮಾವ ಹೊಡೀಲಿಕ್ಕ ಬಡಗಿ ಎತ್ತಿದ. ಮಾಳಮ್ಮ ಮಣ್ಣು ತೂರಿದಳು. "ಥೂ, ಸಾಹೇಬಾ ಆಗ್ಯಾನ ಹಾಟ್ಯಾ!" ಅಂದಳು. ನೀ ಬಗ್ಗಿ ತಂಬಿಗಿ ಎತ್ಕೊಂಡು ಒಳಗ ಹ್ವಾದಿ. ನಾ ಓಣಿ ದಾಟೋ ಮುಂದ ಒಳಗಿಂದ ನಿನ್ನ ಧ್ವನಿ ಬಂತು.

"ಸಪ್ನಾ, ರೊಟ್ಟಿಗಿ ಉಪ್ಪು ಹಾಕು. ಕಲಬುರ್ಗಿ ಬಸ್ ಎಷ್ಟಕ್ಕದ ಕೇಳು."

ಅಷ್ಟು ಕೇಳಿ ನಾ ನಡದೆ. ಚಂದಾಪುರತನಕ ನಡಕೋತೇ ಬಂದೆ ಅನಸ್ತದ, ಬಸ್ ಎಲ್ಲಿ ಹತ್ತಿದೆನೋ ನೆನಪಿಲ್ಲ.

ಆಮ್ಯಾಲಿಂದು ಸಪ್ನಾ ಕದ್ದು ಹೇಳ್ಕೋತ ಬಂದಾಳ. ಅಕಿಗಿ ಬೈಬ್ಯಾಡ, ನಾನೇ ಆಣಿ ಹಾಕಿಸಿದ್ದೆ. ಡಾಕ್ಟರ್ ಔಷಧ ಬದಲು ಮಾಡಿದ್ರು, ಗಡ್ಡಿ ಮತ್ತ ಸಣ್ಣ ಆಯ್ತು, ಕೊಯ್ಲಿಕ್ಕ ಬಂತು. ಒಂದು ಸಲ ತಡೀಲಾರದ ವಾರ್ಡಿನ ಬಾಗಲತನಕ ಬಂದಿದ್ದೆ. ಸಿಸ್ಟರ್ ಒಳಗ ಹೋಗಿ "ಅಮ್ಮಾ, ನಿಮ್ಮ ತಮ್ಮ ಬಂದಾರ್ರಿ" ಅಂದಳು. "ನನಗ ತಮ್ಮ ಇಲ್ರಿ" ಅಂದಿ. ಹೊರಗ ನಿಂತು ಕೇಳಿದೆ. ಧ್ವನಿ ಗಟ್ಟಿ ಇತ್ತು, ಕೆಮ್ಮಿರಲಿಲ್ಲ. ಖುಷಿ ಆಯ್ತು, ನಿನ್ನಾಣಿ.

ಈಗ ನೀ ಕೇಳ್ತಿ, ಅವತ್ತೇ ಸಂಜೀಕ ಬಂದು ಯಾಕ ಹೇಳಲಿಲ್ಲ ಅಂತ. ಹೇಳಿದ್ರ ಸಿಟ್ಟು ಇಳೀತಿತ್ತು. ಸಿಟ್ಟು ಇಳದ್ರ ನೀ ಮತ್ತ ಸೆರಗು ಒಡ್ತಿದ್ದಿ. ನನ್ನ ಮ್ಯಾಲಿನ ವೈರ ಒಂದೇ ನಿನ್ನ ಬಸ್ ಹತ್ತಿಸ್ತಿತ್ತು, ಅದಕ್ಕ ಅದನ್ನ ಆರಲಾರದಂಗ ನೋಡ್ಕೊಂಡೆ. ನಿಮ್ಮ ಓಣಿಯವ್ರು ಸಿಕ್ಕಾಗ ಮುಖಾ ತಿರುಗಿಸಿದೆ. ಸಂಗಮೇಶ್ವರ ಮತ್ತ ಬಂದು ಮುಂದ ಕುಂತಾಗ, ನಮ್ಮ ಬೂಸರು ಸೋತದ, ನನ್ನ ಕಡಿ ಏನೂ ಇಲ್ಲ ಅಂತ ಕಟ್ ಮಾಡಲಾರದ ವಿಡಿಯೋ ಮಾಡಿಸಿದೆ. ಅದನ್ನ ಯಾರೂ ನೋಡವಲ್ರು.

ಕೆಲಸ ಬಿಟ್ಟಿಲ್ಲ ನಾ. ಲುಂಬಿನಿ ಮೇಡಂ, ನಾ ಮತ್ತ ಕೊಂಚಾವರಂಕ್ಕ ಹೋಗಿ ಬಂದೀವಿ, ಹೊಸಾ ತೊಗಟಿ ಇಟ್ಟೀವಿ. ನನ್ನ ಜಲ್ಮದಾಗ ಸಿಗ್ತದೋ ಇಲ್ಲೋ. ಯಾರಿಗರ ಸಿಗಲಿ.

ದಿನಾ ಹಾಲು ಕುಡಿ. ಎಡಗೈ ಮ್ಯಾಲ ಕೊಡ ಹೊರಬ್ಯಾಡ. ತಿಂಗಳ ತಿಂಗಳ ತೋರ್ಸಲಿಕ್ಕ ಹೋಗೋದು ತಪ್ಪಿಸಬ್ಯಾಡ. ಮಾವಗ ಹೇಳು, ಬಡಗಿ ಎತ್ತಿದ್ದು ಬರೋಬರ್ ಇತ್ತು. ಸಣ್ಣಂವ ಆಗಿ ದೊಡ್ಡವ್ರಿಗಿ ಆಶೀರ್ವಾದ ಮಾಡಬಾರ್ದು ಅಂತಾರ, ಆದ್ರೂ ಮಾಡ್ತೀನಿ ಅಕ್ಕ, ನೂರು ವರ್ಷ ಬಾಳು, ನನ್ನ ಬೈಕೋತ ಬಾಳು.

ನೀ ಇಲ್ಲ ಅಂದ ತಮ್ಮ,
ದೇವಿಂದ್ರ

ಮುಗದಿತ್ತು, ಬಂದ್ ಮಾಡಿದ್ದೆ, ಮತ್ತ ಹಚ್ಚೀನಿ. ಒಂದು ಮಾತು ಹೇಳೋದು ಉಳದದ. ಔಷಧ ಇಲ್ಲ ಅಂತ ಖರೇ ಮಾತು ನಾ ಎಷ್ಟು ಸಲ ಹೇಳಿದೆ, ಕೈ ಮುಗದು ಹೇಳಿದೆ, ಚೀರಿ ಹೇಳಿದೆ, ಒಂದು ಸಲಾನೂ ನಂಬಲಿಲ್ಲ ನೀ. ಆ ಸುಳ್ಳು ಒಂದೇ ಸಲ ಹೇಳಿದೆ. ನೀರು ಚೆಲ್ಲಿ ನಿನ್ನ ಮುಖಾ ನೋಡಿದೆ ಅಕ್ಕ. ನೀ ಗಾಬರಿ ಆಗ್ತಿ, "ಏನಾಗ್ಯದೋ ನಿನಗ ದೇವ್ಯಾ, ಹುಚ್ಚ ಹಿಡದದೇನು" ಅಂತ ಕೇಳ್ತಿ ಅಂದ್ಕೊಂಡಿದ್ದೆ. ಕೇಳಿದ್ರ ಏನನಬೇಕು ಅಂತ ಜವಾಬೂ ತಯಾರ ಮಾಡ್ಕೊಂಡು ಬಂದಿದ್ದೆ. ನೀ ಕೇಳಲಿಲ್ಲ. ನಿನ್ನ ಮುಖದಾಗ ಸಿಟ್ಟಿತ್ತು, ಬ್ಯಾಸರಿತ್ತು, ಆದ್ರ ಗಾಬರಿ ಇರಲಿಲ್ಲ. ಇವತ್ತಲ್ಲ ನಾಳಿ ಬರೋದೇ ಇತ್ತು, ಬಂತು ಅಂಬೋ ಹಂಗ ಬಗ್ಗಿ ತಂಬಿಗಿ ಎತ್ಕೊಂಡಿ. ನನಗ ನೌಕರಿ ಸಿಕ್ಕ ದಿನದಿಂದ ನೀ ಕಾಯ್ತಿದ್ದಿಯೇನು ಅಕ್ಕ, ನಾ ಇದನ್ನ ಮಾಡ್ತೀನಿ ಅಂತ?